ರಾಷ್ಟ್ರನಾಯಕರ ಚಾರ್ಟ್: ಬೆನ್ನಿನ ಬರಹ ಗೋಂದಿನ ಪಾಲು

ಆಗಸ್ಟ್ ಬಂತೆಂದರೆ ಕೊಡಗಿನ ಸುಂಟಿಕೊಪ್ಪದ ಕಡೆ ಮಕ್ಕಳೆಲ್ಲ ಈ ಚಾರ್ಟ್ ಹುಡುಕುತ್ತಾರೆ. ಒಂದು ಹಾಳೆಗೆ 10 ರೂಪಾಯಿ ಕೊಟ್ಟೆ. ಗಾಂಧೀಜಿ, ನೆಹರೂ, ಪಟೇಲ್, ಅಂಬೇಡ್ಕರ್, ಭಗತ್ ಸಿಂಗ್ ಎಲ್ಲರೂ ಸಾಲಾಗಿ ಇದ್ದಾರೆ. ಬಣ್ಣ ಚೆನ್ನಾಗಿದೆ, ಮುಖ ಸ್ಪಷ್ಟ. ನಮ್ಮ ಮಳೆಗಾಲದ ತೇವಕ್ಕೂ ಕಾಗದ ಮುದುರಲಿಲ್ಲ.

ತೊಂದರೆ ಇರುವುದು ಹಿಂಬದಿಯಲ್ಲಿ. ಪ್ರತಿ ಚಿತ್ರದ ಬೆನ್ನಿಗೇ ಪರಿಚಯ ಅಚ್ಚು ಹಾಕಿದ್ದಾರೆ. ಮಗು ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿತೋ, ಬರಹ ಮುಗಿಯಿತು. ಪ್ರಾಜೆಕ್ಟ್ ಪುಸ್ತಕದಲ್ಲಿ ಉಳಿಯುವುದು ಮುಖ ಮತ್ತು ಹೆಸರು. ಶಾಲೆಗಳಲ್ಲಿ ಅದಕ್ಕೇ ಮಾರ್ಕ್ಸ್ ಕೂಡ ಸಿಗುತ್ತದೆ. ಟೀಚರ್ ಆಗಿ ನನಗೆ ಇದು ತುಂಬಾ ಬೇಜಾರಿನ ವಿಷಯ.

ಬರಹವಾದರೂ ಏನು? ಹುಟ್ಟಿದ ದಿನ, ತೀರಿಕೊಂಡ ದಿನ, ಒಂದು ಬಿರುದು. ಅಂಬೇಡ್ಕರ್ ಅವರಿಗೆ 'ಸಂವಿಧಾನ ಶಿಲ್ಪಿ' ಅಂತ ಬರೆದು ಬಿಟ್ಟಿದ್ದಾರೆ. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನ ಚೌದಾರ್ ಕೆರೆಗೆ ದಲಿತರನ್ನು ಕರೆದುಕೊಂಡು ಹೋಗಿ ಅವರು ನೀರು ಕುಡಿದದ್ದನ್ನು ನಾನೇ ಹೇಳಿದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ತಕ್ಷಣ ಎದ್ದು ನಿಂತಳು. "ಕೆರೆ ನೀರು ಕುಡಿಯೋಕೂ ಬಿಡ್ತಿರಲಿಲ್ವಾ ಟೀಚರ್?" ಆ ಪೀರಿಯಡ್ ಪೂರ್ತಿ ಮಕ್ಕಳು ಅದನ್ನೇ ಕೇಳಿದರು. ಬಿರುದಿನಿಂದ ಇಂಥ ಪ್ರಶ್ನೆ ಹುಟ್ಟುತ್ತದಾ?

ಗಾಂಧೀಜಿ ವಿಷಯವೂ ಅಷ್ಟೇ. ಅವರು 1934ರಲ್ಲಿ ನಮ್ಮ ಕೊಡಗಿಗೇ ಬಂದಿದ್ದರು, ಅಸ್ಪೃಶ್ಯತೆ ತೊಲಗಿಸುವ ಕೆಲಸಕ್ಕಾಗಿ ಹರಿಜನ ನಿಧಿ ಕೂಡಿಸಲು. ಇಲ್ಲೇ ಗುಂಡುಗುತ್ತಿಯಲ್ಲಿ ಕಥೆಗಾರ್ತಿ ಕೊಡಗಿನ ಗೌರಮ್ಮ ಇದ್ದರು. 1912ರಲ್ಲಿ ಹುಟ್ಟಿದವರು, ಅಂದರೆ ಇನ್ನೂ ಚಿಕ್ಕ ವಯಸ್ಸು. ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು. ಅವರು ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ನಿಧಿಗೆ ಕೊಟ್ಟರು. ಉಪವಾಸಕ್ಕೆ ಹೆಸರಾದವರನ್ನು ಉಪವಾಸದಿಂದಲೇ ಒಪ್ಪಿಸಿದ ಹೆಣ್ಣುಮಗಳು! ಈ ಕಥೆ ಕೇಳಿದ ಮಕ್ಕಳಿಗೆ ಗಾಂಧೀಜಿ ನೋಟಿನ ಮೇಲಿನ ಚಿತ್ರವಾಗಿ ಉಳಿಯುವುದಿಲ್ಲ. ನಮ್ಮೂರ ರಸ್ತೆಯಲ್ಲಿ ಓಡಾಡಿದ ಮನುಷ್ಯ ಆಗುತ್ತಾರೆ.

10 ರೂಪಾಯಿ ಹಾಳೆಯಲ್ಲಿ ಇಷ್ಟೆಲ್ಲ ಹಿಡಿಸಲು ಆಗಲ್ಲ, ಒಪ್ಪುತ್ತೇನೆ. ಆದರೆ ಬಿರುದಿನ ಜಾಗದಲ್ಲಿ ಅವರು ಮಾಡಿದ ಒಂದು ಕೆಲಸ ಬರೆಯಬಹುದಲ್ವಾ? ಅದನ್ನು ಚಿತ್ರದ ಕೆಳಗೇ ಹಾಕಬಹುದಲ್ವಾ?

ಚಾರ್ಟ್ ಕೊಳ್ಳಿ, ಬೇಡ ಅನ್ನಲ್ಲ. ಅಂಟಿಸುವಾಗ ಮೇಲಿನ ಅಂಚಿಗೆ ಮಾತ್ರ ಗೋಂದು ಹಚ್ಚಿಸಿ, ಚಿತ್ರ ಎತ್ತಿದರೆ ಹಿಂದಿನದು ಓದಲು ಸಿಗುತ್ತದೆ. ಪಕ್ಕದಲ್ಲಿ ಅರ್ಧ ಪುಟ ಖಾಲಿ ಬಿಡಿಸಿ. ಮನೆಯಲ್ಲಿ ಅಜ್ಜಿ, ತಾತನನ್ನು ಕೇಳಿ ಬರೆದು ತರಲಿ. ನನ್ನ ತರಗತಿಯಲ್ಲಿ ಈ ವರ್ಷ ಆ ಅರ್ಧ ಪುಟಕ್ಕೇ ಮಾರ್ಕ್ಸ್.