ಅಗ್ಗದ ‘ವಾಲ್ಡನ್’: ಅಳತೆ ಕೆಟ್ಟಿದೆ, ಆದರೂ ಕೊಳ್ಳಬಹುದು

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಕೊಳದ ದಂಡೆಯ ತನ್ನ ಬದುಕಿನ ಬಗ್ಗೆ ಬರೆದ ‘ವಾಲ್ಡನ್’ ಈಗ ಶಿವಮೊಗ್ಗದ ಪುಸ್ತಕದಂಗಡಿಗಳಲ್ಲಿ 200 ರೂಪಾಯಿಯೊಳಗೇ ಸಿಗುತ್ತದೆ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಬಹುದು. ಇಲ್ಲಿ ನೋಡುತ್ತಿರುವುದು ಅಂಥದೊಂದು ಇಂಗ್ಲಿಷ್ ಪ್ರತಿ: ತೆಳು ರಟ್ಟು, ಅಂಟಿನ ಬೈಂಡಿಂಗ್, ಕೊನೆಯಲ್ಲಿ ಅವನದೇ ‘ಸಿವಿಲ್ ಡಿಸ್‌ಒಬೀಡಿಯನ್ಸ್’ (ಕಾನೂನು ಭಂಗ) ಪ್ರಬಂಧ. ರಟ್ಟಿನ ಮೇಲೆ ಮಂಜು ಕವಿದ ಕಾಡಿದೆ. ಆ ಚಿತ್ರ ನಂಬಿ, ಒಳಗೆಲ್ಲ ಕಾಡಿನ ವರ್ಣನೆ ಇರುತ್ತದೆಂದು ಕೊಂಡವರು ನಲವತ್ತನೇ ಪುಟದ ಹೊತ್ತಿಗೆ ಮುಚ್ಚಿಡುತ್ತಾರೆ. ಯಾಕೆಂದರೆ ಪುಸ್ತಕದ ಸುಮಾರು ಕಾಲು ಭಾಗ ‘ಎಕಾನಮಿ’ ಎಂಬ ಮೊದಲ ಅಧ್ಯಾಯ. ಅದರ ತುಂಬ ಊಟ, ಬಟ್ಟೆ, ಮನೆಗಳ ಖರ್ಚುವೆಚ್ಚ.

ಈ ಮುದ್ರಣ ಎಡವಿರುವುದೂ ಅಲ್ಲೇ. ಥೋರೋ 1845ರ ವಸಂತದಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ, ತನ್ನ ಹಿರಿಯ ಗೆಳೆಯನೂ ಲೇಖಕನೂ ಆದ ಎಮರ್ಸನ್‌ನ ಜಾಗದಲ್ಲಿ, 10 ಅಡಿ ಅಗಲ 15 ಅಡಿ ಉದ್ದದ ಮನೆ ಕಟ್ಟತೊಡಗಿ, ಜುಲೈ 4ರಂದು ಅಲ್ಲಿ ವಾಸಕ್ಕೆ ಹೋದ. ನಮ್ಮ ಕಡೆಯ ಸೌದೆ ಕೊಟ್ಟಿಗೆಯಷ್ಟು ಜಾಗ. ಖರ್ಚನ್ನು ಸಾಲುಸಾಲಾಗಿ ಬರೆದಿಟ್ಟ: ಹಲಗೆ 8 ಡಾಲರ್ 3½ ಸೆಂಟ್, ಹಳೆಯ ಇಟ್ಟಿಗೆ ಸಾವಿರಕ್ಕೆ 4 ಡಾಲರ್, ಗಾಜಿನ ಸಮೇತ ಎರಡು ಹಳೆಯ ಕಿಟಕಿ 2 ಡಾಲರ್ 43 ಸೆಂಟ್, ಮೊಳೆ 3 ಡಾಲರ್ 90 ಸೆಂಟ್, ಚಾಕ್ ಒಂದು ಸೆಂಟ್. ಇವೂ ಉಳಿದವೂ ಸೇರಿ ಒಟ್ಟು 28 ಡಾಲರ್ 12½ ಸೆಂಟ್. ಮೂಲದಲ್ಲಿ ಇದು ಅಂಗಡಿಯ ಚೀಟಿಯ ಹಾಗೆ ಒಂದರ ಕೆಳಗೊಂದು ಇದೆ. ಈ ಪ್ರತಿಯಲ್ಲಿ ಎಲ್ಲವನ್ನೂ ಒಂದೇ ಪ್ಯಾರಾಕ್ಕೆ ಸುರಿದಿದ್ದಾರೆ. ಹಲಗೆಯ ಮೊತ್ತ 8.3 ಆಗಿದೆ, ಅಂದರೆ 30 ಸೆಂಟ್ ಎಂದು ಓದಿಕೊಳ್ಳಬೇಕು. ಹಾಗೆ ಕೂಡಿದರೆ ಕೊನೆಯ ಮೊತ್ತಕ್ಕಿಂತ 26½ ಸೆಂಟ್ ಹೆಚ್ಚು ಬರುತ್ತದೆ. ಪೆನ್ಸಿಲ್ ತೆಗೆದುಕೊಂಡು 8.03½ ಎಂದು ತಿದ್ದಿಕೊಳ್ಳಿ.

ಅರ್ಧ ಸೆಂಟಿಗೆ ಇಷ್ಟು ಗೋಳೇಕೆ ಎನ್ನಬೇಡಿ. ಅವನ ವಿಚಾರ ಇರುವುದೇ ಈ ಲೆಕ್ಕದಲ್ಲಿ. ಥೋರೋ, ಎಮರ್ಸನ್ ಮೊದಲಾದವರ ಗುಂಪಿನ ವಿಚಾರಕ್ಕೆ (ಇಂಗ್ಲಿಷ್‌ನಲ್ಲಿ ಟ್ರಾನ್ಸೆಂಡೆಂಟಲಿಸಂ) ಕನ್ನಡದಲ್ಲಿ ‘ಅತೀಂದ್ರಿಯವಾದ’ ಎಂದು ಬರೆಯುವ ರೂಢಿಯಿದೆ. ಕೇಳಿದವರು ಪವಾಡವೋ ದೆವ್ವವೋ ಅಂದುಕೊಳ್ಳುತ್ತಾರೆ. ಅವರು ಹೇಳಿದ್ದು ಬೇರೆ. ಸತ್ಯವನ್ನು ತಿಳಿಯಲು ಗ್ರಂಥ, ಚರ್ಚು, ಊರಿನವರ ಒಪ್ಪಿಗೆ ಬೇಕಿಲ್ಲ, ಒಬ್ಬೊಬ್ಬನ ಒಳಗೂ ಆ ಅರಿವಿನ ಬೇರಿದೆ, ಪ್ರಕೃತಿ ಅದನ್ನು ಎಬ್ಬಿಸುತ್ತದೆ ಎಂದು. 1836ರ ‘ನೇಚರ್’ ಪುಸ್ತಕದಲ್ಲೂ 1841ರ ‘ಸೆಲ್ಫ್ ರಿಲಯನ್ಸ್’ ಪ್ರಬಂಧದಲ್ಲೂ ಎಮರ್ಸನ್ ಇದನ್ನು ಉಪನ್ಯಾಸದ ಎತ್ತರದಿಂದ ಹೇಳಿದ. ಥೋರೋ ಅದನ್ನೇ ಮೊಳೆಯ ಲೆಕ್ಕಕ್ಕೆ ಇಳಿಸಿದ. ಒಂದು ವಸ್ತುವಿನ ಬೆಲೆಯೆಂದರೆ ಅದಕ್ಕಾಗಿ ಕೊಡಬೇಕಾದ ಆಯುಷ್ಯ ಎಂಬುದು ಅವನ ಅಳತೆಗೋಲು. ಅಡಿಕೆ ಧಾರಣೆ ಏರಿದಾಗಲೆಲ್ಲ ಸೊಪ್ಪಿನಬೆಟ್ಟ ಕಡಿದು ತೋಟ ಬೆಳೆಸುವ ನಮ್ಮ ಊರುಗಳಲ್ಲಿ ಆ ಲೆಕ್ಕ ನೇರವಾಗಿ ತಾಗುತ್ತದೆ.

ಇನ್ನೂ ದೊಡ್ಡ ನಷ್ಟ 16ನೇ ಅಧ್ಯಾಯದಲ್ಲಿದೆ. ವಾಲ್ಡನ್ ಕೊಳಕ್ಕೆ ತಳವೇ ಇಲ್ಲ ಎಂದು ಸುತ್ತಲಿನವರು ನಂಬಿದ್ದರು. ತುಂಗೆಯ ಗುಂಡಿಗಳ ಬಗ್ಗೆ ನಮ್ಮಲ್ಲೂ ಹೀಗೇ ಹೇಳುವುದುಂಟು. ಥೋರೋ 1846ರ ಆರಂಭದಲ್ಲಿ, ಹೆಪ್ಪುಗಟ್ಟಿದ ನೀರಿನ ಮೇಲೆ ನಿಂತು, ಮೀನಿನ ಗಾಳದ ಹುರಿಗೆ ಸುಮಾರು 700 ಗ್ರಾಂ ತೂಕದ ಕಲ್ಲು ಕಟ್ಟಿ ಇಳಿಬಿಟ್ಟ. ಕಲ್ಲು ತಳ ಬಿಟ್ಟು ಮೇಲೇಳುವ ಕ್ಷಣ ಕೈಗೆ ಗೊತ್ತಾಗುತ್ತದೆ: ನೀರು ಕಲ್ಲಿನ ಕೆಳಗೆ ನುಗ್ಗಿ ನೆರವಾಗುವ ಮೊದಲು ಹೆಚ್ಚು ಜೋರಾಗಿ ಎಳೆಯಬೇಕಾಗುತ್ತದೆ. ಅತಿ ಆಳ 102 ಅಡಿ ಬಂತು. ನಕ್ಷೆ ಬರೆದು ನೋಡಿದರೆ, ಕೊಳದ ಅತಿ ಉದ್ದದ ಗೆರೆಯೂ ಅತಿ ಅಗಲದ ಗೆರೆಯೂ ಕೂಡುವುದು ಸರಿಯಾಗಿ ಆ ಆಳದ ಮೇಲೆ. ಅಲ್ಲಿಂದ ಅವನು ಮನುಷ್ಯನಿಗೆ ಹೊರಳುತ್ತಾನೆ: ಒಬ್ಬನ ದಿನನಿತ್ಯದ ನಡವಳಿಕೆಯ ಉದ್ದಗಲಕ್ಕೆ ಗೆರೆ ಎಳೆಯಿರಿ, ಅವು ಕೂಡುವಲ್ಲಿ ಅವನ ಸ್ವಭಾವದ ಆಳ ಸಿಗುತ್ತದೆ. ಪ್ರಕೃತಿಯ ನಿಯಮ ಮನುಷ್ಯನ ಒಳಗೂ ನಡೆಯುತ್ತದೆಂಬ ಈ ಗುಂಪಿನ ಮುಖ್ಯ ಮಾತು ಪುಸ್ತಕದಲ್ಲಿ ಇಷ್ಟು ಮುಟ್ಟುವಷ್ಟು ಹತ್ತಿರ ಬಂದಿರುವುದು ಇನ್ನೆಲ್ಲೂ ಇಲ್ಲ. 1854ರ ಮೊದಲ ಮುದ್ರಣದಲ್ಲಿ ಅವನದೇ ನಕ್ಷೆ ಇತ್ತು. ಈ ಪ್ರತಿಯಲ್ಲಿ ನಕ್ಷೆಯೇ ಇಲ್ಲ. ಅಂತರ್ಜಾಲದಲ್ಲಿ ಮೂಲ ನಕ್ಷೆ ಹುಡುಕಿ, ಒಂದು ಪ್ರತಿ ತೆಗೆಸಿ ಆ ಅಧ್ಯಾಯದಲ್ಲಿ ಇಟ್ಟುಕೊಳ್ಳಿ. ಹಾಗೆ ಮಾಡದೆ ಆ ಪುಟಗಳನ್ನು ಓದಿ ಪ್ರಯೋಜನವಿಲ್ಲ.

ಟಿಪ್ಪಣಿ ಒಂದೂ ಇಲ್ಲ. ಅನೇಕ ದೂರಗಳು ‘ರಾಡ್’ ಎಂಬ ಮಾನದಲ್ಲಿವೆ. ಒಂದು ರಾಡ್ ಅಂದರೆ 16½ ಅಡಿ.

ಓದುವ ಕ್ರಮ ಬದಲಿಸಿದರೆ ಪುಸ್ತಕ ಸಲೀಸಾಗುತ್ತದೆ. ಎರಡನೇ ಅಧ್ಯಾಯದಿಂದ ಶುರು ಮಾಡಿ. ಆಮೇಲೆ ಏಳನೆಯದು, ಹುರುಳಿಕಾಯಿ ಜಾತಿಯ ಬೀನ್ಸ್ ಹೊಲದ್ದು. ಎರಡೂವರೆ ಎಕರೆ, ಸಾಲಿನ ನಡುವೆ 3 ಅಡಿ, ಗಿಡದ ನಡುವೆ 18 ಅಂಗುಲ, ಸಾಲುಗಳನ್ನೆಲ್ಲ ಜೋಡಿಸಿದರೆ 7 ಮೈಲಿ. ಬಿಲ ತೋಡುವ, ಅಳಿಲಿನ ಕುಲದ ವುಡ್‌ಚಕ್ ಕಾಲೆಕರೆ ಬೆಳೆಯನ್ನು ಮೇಯ್ದು ಮುಗಿಸಿತು. ಮಂಗ, ಹಂದಿ ಕಾದು ಬೆಳೆ ತೆಗೆಯುವವರಿಗೆ ಈ ಅಧ್ಯಾಯದಲ್ಲಿ ಅರ್ಥ ಹೇಳಿಕೊಡಬೇಕಾದ್ದು ಏನೂ ಇಲ್ಲ. ಖರ್ಚು ಕಳೆದು ಉಳಿದದ್ದು 8 ಡಾಲರ್ 71½ ಸೆಂಟ್. ಎಂಟನೇ ಅಧ್ಯಾಯದಲ್ಲಿ ಸೆರೆಮನೆಯ ಮಾತು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಅಲ್ಲಿ ನಿಲ್ಲಿಸಿ, ಕೊನೆಯ ಪ್ರಬಂಧಕ್ಕೆ ಹೋಗಿ. 1846ರ ಜುಲೈನಲ್ಲಿ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಒಳಗಿದ್ದವನು, ಗುಲಾಮಗಿರಿಗೂ ಮೆಕ್ಸಿಕೋ ಯುದ್ಧಕ್ಕೂ ಸರ್ಕಾರ ಜೊತೆಯಾದದ್ದನ್ನು ಅದರಲ್ಲಿ ಎದುರಿಸುತ್ತಾನೆ. ಆ ಪ್ರಬಂಧ ಸೇರಿಸಿರುವುದು ಈ ಮುದ್ರಣದ ನಿಜವಾದ ಉಪಕಾರ. ಒಬ್ಬಂಟಿಯಾಗಿ ಕೊಳದ ದಂಡೆಯಲ್ಲಿದ್ದವನು ಊರಿನ ಅನ್ಯಾಯಕ್ಕೆ ಬೆನ್ನು ಹಾಕಲಿಲ್ಲ ಎಂಬುದು ಆಗ ಕಾಣುತ್ತದೆ. ಬಳಿಕ 9, 16, 17; ಮೊದಲ ಅಧ್ಯಾಯ ಕೊನೆಗಿರಲಿ.

16ನೇ ಅಧ್ಯಾಯದ ಕೊನೆಯಲ್ಲಿ ಭಗವದ್ಗೀತೆ ಬರುತ್ತದೆ. ವಾಲ್ಡನ್‌ನಲ್ಲಿ ಕತ್ತರಿಸಿದ ಮಂಜುಗಡ್ಡೆಯನ್ನು ಮದರಾಸು, ಬೊಂಬಾಯಿ, ಕಲ್ಕತ್ತೆಯವರು ಕುಡಿಯುತ್ತಾರೆ, ತಾನು ಅವರ ಗ್ರಂಥದ ನೀರಲ್ಲಿ ಮೀಯುತ್ತೇನೆ ಎನ್ನುತ್ತಾನೆ. ಇದನ್ನು ಓದಿ ‘ಎಲ್ಲ ನಮ್ಮಿಂದಲೇ ಹೋದದ್ದು’ ಎಂದು ತೀರ್ಮಾನಿಸುವುದು ಅವಸರ. ಎಮರ್ಸನ್ ಗೀತೆಯ ಪೂರ್ಣ ಅನುವಾದ ಹಿಡಿದು ಕೂತದ್ದು 1845ರಲ್ಲಿ. ‘ನೇಚರ್’ ಅಚ್ಚಾಗಿ ಆಗಲೇ ಒಂಬತ್ತು ವರ್ಷ. 1832ರಲ್ಲಿ ಎಮರ್ಸನ್ ಬಾಸ್ಟನ್ನಿನ ಚರ್ಚಿನ ಪಾದ್ರಿ ಕೆಲಸ ಬಿಟ್ಟದ್ದೂ ತನ್ನದೇ ಕ್ರೈಸ್ತ ಮತದೊಳಗಿನ ಜಗಳದಿಂದ.

ಇನ್ನು ಕಾಗದ. ಅಂಟಿನ ಬೈಂಡಿಂಗ್ ಮಲೆನಾಡಿನ ಮಳೆಗಾಲಕ್ಕೆ ತಡೆಯುವುದಿಲ್ಲ. ಥಂಡಿಗೆ ಹಾಳೆ ಉಬ್ಬುತ್ತದೆ, ಬೆನ್ನಿನ ಅಂಟು ಬಿಡುತ್ತದೆ, ನಡುವಿನ ಪುಟಗಳು ಗೊಂಚಲಾಗಿ ಕೈಗೆ ಬರುತ್ತವೆ. ಕೊಂಡ ಕೂಡಲೇ ಬೈಂಡರ್ ಹತ್ತಿರ ದಾರದ ಹೊಲಿಗೆ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿಸಿ ಇಡಬೇಡಿ. ಒಲೆಯ ಬಿಸಿ ತಲುಪುವ ಅಟ್ಟವಿದ್ದರೆ ಅಲ್ಲಿ ಬಟ್ಟೆ ಸುತ್ತಿ ಇಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಕಲೆ ಒಳಗಿಳಿಯುತ್ತದೆ. ಹೊಳವಾದ ದಿನ ನೆರಳಲ್ಲಿ ಬಿಡಿಸಿಟ್ಟು, ಒಣ ಬ್ರಷ್‌ನಿಂದ ಕೊಡವಿ.