ಮುಳಶಿಯ ‘ಇಕೋ’ ಕಾಟೇಜೋ, ರಾಜಗಡದ ಕೆಳಗಿನ ಹಳೇ ಮನೆಯೋ?

ಮೊದಲೇ ಹೇಳಿಬಿಡುತ್ತೇನೆ. ರಾಜಗಡ ಕೋಟೆಯ ಕೆಳಗಿನ ಆ ಹಳೇ ಮನೆಗೆ ನಾವು ಈಗಾಗಲೇ ಮೂರು ಸಲ ಹೋಗಿ ಬಂದಿದ್ದೇವೆ. ಮುಳಶಿ ಕಡೆಯ ಕಾಟೇಜಿಗೆ ಹೋಗಿದ್ದು ಒಂದೇ ಸಲ. ಅದೂ ಎರಡು ರಾತ್ರಿಗೆ ದುಡ್ಡು ಕಟ್ಟಿ, ಒಂದೇ ರಾತ್ರಿ ಇದ್ದು ಎದ್ದು ಬಂದೆವು. ಹಾಗಾಗಿ ತಕ್ಕಡಿ ಸಮ ಹಿಡಿದಿದ್ದೇನೆ ಅಂತ ಯಾರೂ ಅಂದುಕೊಳ್ಳಬೇಡಿ.

ನಾವಿರುವುದು ಪುಣೆಯ ಕೋಥ್ರೂಡಿನಲ್ಲಿ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ, ಜೊತೆಗೆ ಸಾಗರದಿಂದ ಬಂದ ಅಮ್ಮ. ಪುಣೆಯ ಮಳೆ ಅಮ್ಮನ ಲೆಕ್ಕದಲ್ಲಿ ಮಳೆಯೇ ಅಲ್ಲ. “ಇದೆಂತ ಮಳೆ ಮಾರಾಯಾ, ಕೊಡೆ ಬಿಡಿಸೋದ್ರೊಳಗೆ ನಿಲ್ತದೆ” ಅನ್ನುತ್ತಾಳೆ. ಅದಕ್ಕೇ ಜುಲೈ, ಆಗಸ್ಟಿನಲ್ಲಿ ಒಂದೆರಡು ದಿನ ಸಹ್ಯಾದ್ರಿಯ ಮಡಿಲಿಗೆ ಹೋಗುವುದು ನಮ್ಮ ರೂಢಿ. ಜನ ಕಡಿಮೆ ಇರಬೇಕು, ಸ್ಪೀಕರ್ ಹಾಕಿ ಕುಣಿಯುವವರು ಪಕ್ಕದಲ್ಲಿ ಇರಬಾರದು. ಲೋಣಾವಳ ಅಲ್ಲಿಗೇ ಪಟ್ಟಿಯಿಂದ ಹೊರಗೆ.

ಮುಳಶಿಯದು ನಮಗೆ ಹತ್ತಿರ. ಚಾಂದನಿ ಚೌಕ್ ದಾಟಿ, ಪಿರಂಗುಟದ ಟ್ರಾಫಿಕ್ ಸಹಿಸಿಕೊಂಡು, ಪೌಡ್ ಕಳೆದರೆ ಬಂದೇ ಬಿಟ್ಟಿತು. ಫೋಟೋದಲ್ಲಿ ಕಾಟೇಜು ಕಣ್ಣು ಕುಕ್ಕುವ ಹಾಗಿತ್ತು. ಹಳೇ ಕಲ್ಲಿನ ಮನೆಯನ್ನು ‘ಪರಿಸರಸ್ನೇಹಿಯಾಗಿ ನವೀಕರಿಸಿದ್ದೇವೆ’ ಅಂತ ಬರೆದಿದ್ದರು. ಮೇಲೆ ಸೋಲಾರ್, ಮುಂದೆ ಮುಳಶಿ ಡ್ಯಾಮಿನ ಹಿನ್ನೀರು. ನೋಟದ ಬಗ್ಗೆ ಎರಡು ಮಾತಿಲ್ಲ, ಇಂಥ ಜಗಲಿ ರಾಜಗಡದ ಮನೆಗೂ ಇಲ್ಲ. (ಆ ನೀರಿನ ಕೆಳಗೆ ಊರುಗಳಿವೆ. 1921ರಲ್ಲಿ ಈ ಡ್ಯಾಮಿನ ವಿರುದ್ಧ ಶುರುವಾದ ಮುಳಶಿ ಸತ್ಯಾಗ್ರಹ, ಅದರ ಮುಂದಾಳು ಸೇನಾಪತಿ ಬಾಪಟ್, ಎಲ್ಲ ಮಗನಿಗೆ ಹೇಳಲು ಹೋದೆ. ಅವನಿಗೆ ಪಕೋಡ ಎಲ್ಲಿ ಅನ್ನೋದೇ ಚಿಂತೆ.)

ಬಾಗಿಲು ತೆಗೆದ ಕೂಡಲೇ ಬಂತು ವಾಸನೆ. ಒದ್ದೆ ಬಟ್ಟೆಯನ್ನು ಮೂರು ದಿನ ಬಕೆಟ್ಟಿನಲ್ಲಿ ಬಿಟ್ಟರೆ ಬರುತ್ತದಲ್ಲ, ಅದು. ಅದರ ಮೇಲೆ ನಿಂಬೆಹುಲ್ಲಿನ ಸೆಂಟು ಬೇರೆ ಹೊಡೆದಿದ್ದರು. ಮಳೆಗಾಲ ಅಲ್ವಾ, ಸ್ವಲ್ಪ ಹೊತ್ತು ಕಿಟಕಿ ತೆಗೆದರೆ ಹೋಗುತ್ತದೆ ಅಂದುಕೊಂಡೆ. ಕಿಟಕಿ ತೆಗೆದರೆ ಮಂಜು ಒಳಗೇ ಬಂತು. ಮುಚ್ಚಿ ಎಸಿ ಹಾಕಿದರೆ ಚಳಿ. ಹಾಸಿಗೆ ಮುಟ್ಟಿದರೆ ತಣ್ಣಗೆ, ದಿಂಬಿಗೆ ಮುಖ ಇಟ್ಟರೆ ಮತ್ತೆ ಅದೇ ವಾಸನೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಕೆಮ್ಮಲು ಶುರುಮಾಡಿದಳು.

ಮಂಚದ ಹಿಂದಿನ ಗೋಡೆಯಲ್ಲಿ ಪೇಂಟ್ ಅಂಗೈಯಗಲ ಉಬ್ಬಿಕೊಂಡಿತ್ತು, ಪೂರಿ ಉಬ್ಬಿದ ಹಾಗೆ. ಮಗ ಸುಮ್ನೆ ಇರುವವನಲ್ಲ, ಬೆರಳಲ್ಲಿ ಒತ್ತಿದ. ಒಡೆದು, ಒಳಗಿಂದ ನೀರು ಸಣ್ಣಗೆ ಇಳಿದು ಮಂಚದ ಕಾಲಿನವರೆಗೆ ಹೋಯಿತು. ಪೇಂಟಿನ ಹಿಂದೆ ಬಿಳೀ ಉಪ್ಪಿನ ಪುಡಿ, ಅದರ ಹಿಂದೆ ಬೂದು ಬಣ್ಣದ ಸಿಮೆಂಟು. ಕೇರ್‌ಟೇಕರ್‌ನನ್ನು ಕರೆದು ತೋರಿಸಿದರೆ ಆ ಹುಡುಗ ಅದನ್ನು ನೋಡಿ ಬೆರಗಾಗಲೂ ಇಲ್ಲ. ಪ್ರತಿ ವರ್ಷ ಪೇಂಟ್ ಮಾಡಿಸುತ್ತಾರಂತೆ, ಪ್ರತಿ ವರ್ಷ ಹೀಗೇ ಆಗುತ್ತದಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಸೋಲಾರ್ ಇದೆಯಲ್ಲ ಅಂತ ಕೇಳುವಷ್ಟರಲ್ಲಿ ಹಿಂದುಗಡೆ ಡೀಸೆಲ್ ಜನರೇಟರ್ ಗುಡುಗಲು ಶುರು. ಬೆಳಿಗ್ಗೆ ಎದ್ದವರೇ ಹೊರಟೆವು. ಎರಡನೇ ರಾತ್ರಿಯ 9,500 ರೂಪಾಯಿ ವಾಪಸ್ ಬರಲಿಲ್ಲ. ಮೇಲ್ ಮೇಲೆ ಮೇಲ್ ಹಾಕಿ ಸಾಕಾಯಿತು.

ಆ ಗೋಡೆಗೆ ಏನಾಗಿತ್ತು ಅಂತ ಗೊತ್ತಾಗಿದ್ದು ಒಂದು ತಿಂಗಳ ಮೇಲೆ, ರಾಜಗಡದ ಕೆಳಗೆ. ಅದೂ ಕಲ್ಲು ಮಣ್ಣಿನ ಹಳೇ ಮನೆಯೇ, ಅದನ್ನೂ ರಿಪೇರಿ ಮಾಡಿದ್ದೇ. ನಾವು ಹೋದ ದಿನ ಹೊರಗೆ ಮಳೆ ಮುಳಶಿಗಿಂತ ಏನೂ ಕಡಿಮೆ ಇರಲಿಲ್ಲ, ಆದರೆ ಒಳಗೆ ವಾಸನೆ ಇಲ್ಲ. ಅಮ್ಮ ಗೋಡೆಗೆ ಕೈ ಇಟ್ಟು ನೋಡಿದಳು. “ಸುಣ್ಣದ ಗಾರೆ” ಅಂದಳು, ಇನ್ನೇನೂ ಕೇಳಲಿಲ್ಲ. ಆ ಮನೆಯ ಮಾಲೀಕರು ವಿವರವಾಗಿ ಹೇಳಿದರು. ಕಲ್ಲು ಮಣ್ಣಿನ ಗೋಡೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ಅದನ್ನು ತಡೆಯುವುದು ಕಷ್ಟ. ಹಾಗೆ ಎಳೆದುಕೊಂಡಿದ್ದು ಆವಿಯಾಗಿ ಹೊರಗೆ ಹೋಗಲು ದಾರಿ ಬೇಕು. ಸುಣ್ಣದ ಗಾರೆ ದಾರಿ ಬಿಡುತ್ತದೆ. ಸಿಮೆಂಟು ಮೆತ್ತಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಅಂದರೆ ಮುಳಶಿಯವರು ನೀರು ಬರದಿರಲಿ ಅಂತ ಮಾಡಿಸಿದ್ದೇ ನೀರನ್ನು ಕೂಡಿಹಾಕಿತ್ತು.

ಇವರ ಗಾರೆಗೆ ಬೆಲ್ಲದ ನೀರು ಮತ್ತು ಅಳಲೆಕಾಯಿ ಸೇರಿಸಿದ್ದಾರೆ, ಅಳಲೆಕಾಯಿಗೆ ಇಲ್ಲಿ ಹಿರಡಾ ಅನ್ನುತ್ತಾರೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಹಾಗಾಗಿ ಒಂದು ಕೋಟ್ ಬಳಿದು ಕಾಯಬೇಕು, ಮತ್ತೆ ಬಳಿಯಬೇಕು. ಎರಡು ಬೇಸಿಗೆ ಹಿಡಿಯಿತಂತೆ. ಬಾಗಿಲು, ಕಂಬ ಎಲ್ಲ ಪುಣೆಯ ಪೇಟೆಗಳಲ್ಲಿ ಒಡೆದ ವಾಡೆಗಳದ್ದು, ಅಂದರೆ ಹಳೇ ದೊಡ್ಡ ಮನೆಗಳದ್ದು. ನಮ್ಮ ಕೋಣೆಯ ಬಾಗಿಲಿಗೆ ಇನ್ನೂ ಹಿಂದಿನ ಮನೆಯ ಕಬ್ಬಿಣದ ಚಿಲಕವೇ ಇದೆ. ಹಾಕಲು ಎರಡು ಕೈ ಬೇಕು.

ಹೆಂಚು ಮಾತ್ರ ನಮ್ಮ ಕಡೆಯದು. ಅಂಗಳದಲ್ಲಿ ಪೇರಿಸಿಟ್ಟಿದ್ದ ಹಳೇ ಹೆಂಚನ್ನು ಮಗ ತಿರುಗಿಸಿ ನೋಡಿದರೆ ಬೆನ್ನ ಮೇಲೆ ಮಂಗಳೂರಿನ ಅಚ್ಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಗೊತ್ತಲ್ಲ, ಅಲ್ಲಿಂದ ಶುರುವಾದ ಹೆಂಚು ಈ ಘಟ್ಟದ ಮೇಲೂ ಹತ್ತಿ ಕೂತಿದೆ. ಅಮ್ಮನಿಗೆ ತವರಿನವರು ಸಿಕ್ಕಷ್ಟು ಖುಷಿ. ಅಡುಗೆ ಮಾಡುವ ಮಾವಶಿಗೆ ಅದನ್ನು ಎತ್ತಿ ತೋರಿಸಿ ತನ್ನ ಅರೆಬರೆ ಮರಾಠಿಯಲ್ಲಿ ಏನೋ ಹೇಳಿದಳು. ಮಾವಶಿ ಬಿಸಿ ನಾಚಣಿ ಭಾಕ್ರಿ ತಂದು ತಟ್ಟೆಗೆ ಹಾಕಿದರು. ಅದು ನಮ್ಮ ರಾಗಿ ರೊಟ್ಟಿಯೇ. ಕಡಲೆಹಿಟ್ಟಿನ ಪಿಠಲಾ, ಮೆಣಸಿನಕಾಯಿ ಕುಟ್ಟಿದ ಠೇಚಾ, ಮಜ್ಜಿಗೆ. ಊಟದ ಹೋಲಿಕೆಯನ್ನು ಇಲ್ಲಿಗೇ ಮುಗಿಸುತ್ತೇನೆ, ಮುಳಶಿಯಲ್ಲಿ ಕೊಟ್ಟಿದ್ದು ಪನೀರ್ ಬಟರ್ ಮಸಾಲಾ.

ಕೊರತೆ ಇಲ್ಲವೇ ಅಂದರೆ, ಇದೆ. ಮೋಡ ಕವಿದ ದಿನ ಸೋಲಾರಿನಿಂದ ಎರಡು ಬಲ್ಬು, ಒಂದು ಫ್ಯಾನು, ಅಷ್ಟೇ. ಬಿಸಿನೀರು ಕಟ್ಟಿಗೆ ಉರಿಸುವ ಬಂಬಿನದು, ಬೇಕಾದರೆ ಅರ್ಧ ಗಂಟೆ ಮೊದಲೇ ಹೇಳಬೇಕು. ಬಚ್ಚಲಿಗೆ ಏಡಿ ಬರುತ್ತದೆ. ಫೋನಿಗೆ ಸಿಗ್ನಲ್ ಇಲ್ಲ, ಆದ್ದರಿಂದ ಯುಪಿಐ ನಂಬಿ ಹೋಗಬೇಡಿ, ಕ್ಯಾಶ್ ಇಟ್ಟುಕೊಳ್ಳಿ. ಕೊನೆಯ ಅರ್ಧ ಕಿಲೋಮೀಟರ್ ಕೆಸರು, ನಮ್ಮ ಸಣ್ಣ ಕಾರನ್ನು ಕೆಳಗೇ ಬಿಟ್ಟು ನಡೆದೆವು. ಅಮ್ಮನ ಮಂಡಿಗೆ ಅದು ಸಲೀಸಲ್ಲ. ಮಾವಶಿಯ ಮಗ ಕೈ ಹಿಡಿದು ಹತ್ತಿಸಿದ. ಮತ್ತೆ, ಗೋಡೆಗೆ ಒರಗಿದರೆ ಬೆನ್ನಿಗೆ ಸುಣ್ಣ ಹತ್ತುತ್ತದೆ. ಅಮ್ಮನ ಕಪ್ಪು ಸೀರೆ ಮೊದಲ ದಿನವೇ ಬೂದಿ ಬಣ್ಣಕ್ಕೆ ತಿರುಗಿತು.

ಪಂಚಗಣಿಯ ಹಳೇ ಬಂಗಲೆಯೊಂದನ್ನೂ ಮೇ ತಿಂಗಳಲ್ಲಿ ನೋಡಿದ್ದೆವು. ಒಳ್ಳೆಯದೇ, ನೆಲ ಕನ್ನಡಿ ಹಾಗಿತ್ತು. ಆದರೆ ರಾತ್ರಿಗೆ 14,000, ವಾಯಿ ಬಿಟ್ಟ ಮೇಲೆ ಪಸರಣಿ ಘಾಟಿನಲ್ಲಿ ಒಂದೂವರೆ ಗಂಟೆ ಜಾಮು. ಏಕಾಂತಕ್ಕೆ ಅಂತ ಹೋಗಿ ಅರ್ಧ ಪುಣೆಯನ್ನು ಅಲ್ಲೇ ಭೇಟಿಯಾದೆವು.

ರಾಜಗಡದ ಮನೆಗೆ ನಾಲ್ಕು ಜನಕ್ಕೆ ಊಟ ಸೇರಿ 5,200. ಖೇಡ್ ಶಿವಾಪುರದ ಟೋಲ್ ದಾಟಿ, ನಸರಾಪುರದಲ್ಲಿ ಹೈವೇ ಬಿಟ್ಟು ಬಲಕ್ಕೆ ತಿರುಗಿದರೆ ಆಮೇಲೆ ಬರೀ ಭತ್ತದ ಗದ್ದೆ. ಶಿವಾಜಿ ರಾಯಗಡಕ್ಕೆ ಹೋಗುವ ಮೊದಲು 25 ವರ್ಷಕ್ಕೂ ಹೆಚ್ಚು ರಾಜಧಾನಿಯಾಗಿದ್ದ ಕೋಟೆ ನೆತ್ತಿಯ ಮೇಲೇ ಇದೆ. ಮಳೆಗಾಲದಲ್ಲಿ ಅದು ದಿನಕ್ಕೆ ಹತ್ತು ನಿಮಿಷ ಕಂಡರೆ ಪುಣ್ಯ. ನೀವು ಹೋಗುವುದು ಬೇಸಿಗೆಯಲ್ಲಿ, ವೈಫೈ ಬೇಕು, ಬಾಗಿಲವರೆಗೆ ಕಾರು ಹೋಗಬೇಕು ಅಂದರೆ ಮುಳಶಿಯದೇ ಸರಿಹೋಗಬಹುದು. ಏಪ್ರಿಲ್‌ನಲ್ಲಿ ಆ ಗೋಡೆ ಒಣಗಿರುತ್ತದೆ. ನಾವು ಮಳೆ ನೋಡಲಿಕ್ಕೇ ಹೋಗುವವರು.

ಆಗಸ್ಟಿಗೆ ಮತ್ತೆ ಬುಕ್ ಮಾಡಿದ್ದೇನೆ. ಅಮ್ಮ ಈಗಲೇ ಎರಡು ಬಿಳೀ ಸೀರೆ ತೆಗೆದಿಟ್ಟಿದ್ದಾಳೆ, ಗೋಡೆಗೆ ಒರಗಿ ಕೂರಲಿಕ್ಕೆ.