ಬಣ್ಣದ ಚಾರ್ಟ್, ನೂರು ಮೀಟರ್ ಟೇಪು, ಕಸದ ಚೀಲ: ಮೂರನ್ನೂ ಮಾಡಿ ನೋಡಿದ ಮೇಲೆ

ಡೈವಿಂಗ್ ಕಲಿತ ಹೊಸದರಲ್ಲಿ ನಾನು ಸುಮ್ನೆ ನೋಡಿಕೊಂಡು ಬರುತ್ತಿದ್ದೆ. ಆಮೆ ಕಂಡರೆ ಖುಷಿ, ಕಾಣದಿದ್ದರೆ ಬೇಜಾರು. ಅಂಡಮಾನಿನ ಹ್ಯಾವ್‌ಲಾಕ್‌ಗೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, ಎರಡನೇ ಸಲ ಹೋದಾಗ ಒಂದು ಗುಂಡು ಹವಳ ಅರ್ಧಕ್ಕೆ ಸುಣ್ಣ ಬಳಿದ ಹಾಗೆ ನಿಂತಿತ್ತು. ಹಿಂದಿನ ಸಲ ಅದು ಕಂದು ಬಣ್ಣಕ್ಕಿತ್ತು. ಸುತ್ತಮುತ್ತ ಇನ್ನೆಷ್ಟು ಹೀಗಾಗಿವೆ ಅಂತ ಬೋಟಿನಲ್ಲಿ ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನೀರಿಗಿಳಿದರೆ ಏನಾದರೂ ಎಣಿಸಿ ಬರೆದುಕೊಂಡೇ ಬರುತ್ತೇನೆ. ಮೂರು ದಾರಿ ಹಿಡಿದು ನೋಡಿದ್ದೇನೆ: ಕೋರಲ್‌ವಾಚ್, ರೀಫ್ ಚೆಕ್, ಡೈವ್ ಅಗೇನ್ಸ್ಟ್ ಡೆಬ್ರಿ. ಮೂರೂ ನಮ್ಮಂಥ ಹವ್ಯಾಸಿ ಡೈವರ್‌ಗಳಿಂದ ಸಮುದ್ರದ ಲೆಕ್ಕ ತೆಗೆಸುವ ಕಾರ್ಯಕ್ರಮಗಳು. ಯಾವುದಕ್ಕೆ ಸೇರಲಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ತೀರಾ ಸುಲಭದ್ದು ಕೋರಲ್‌ವಾಚ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾಯಿತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚಾರ್ಟ್, ಅದರ ನಾಲ್ಕು ಬದಿಗೂ ಒಂದೊಂದು ಬಣ್ಣದ ಸಾಲು, ಪ್ರತಿ ಸಾಲಿನಲ್ಲಿ ತೆಳುವಿನಿಂದ ಗಾಢಕ್ಕೆ 1ರಿಂದ 6. ಹವಳದ ಪಕ್ಕ ಚಾರ್ಟ್ ಹಿಡಿದು ಅತಿ ತೆಳು ಜಾಗಕ್ಕೊಂದು, ಅತಿ ಗಾಢ ಜಾಗಕ್ಕೊಂದು ಗುರುತು ಬರೆಯಬೇಕು. ಡಿ2, ಡಿ5, ಹೀಗೆ; ಡಿ ಅನ್ನುವುದು ಬಣ್ಣದ ಸಾಲಿನ ಗುರುತು. ಬೆಳೆಯುತ್ತಿರುವ ತುದಿಗಳು ಹೇಗೂ ಬೆಳ್ಳಗಿರುತ್ತವೆ, ಅವನ್ನು ಬಿಡಬೇಕು. ಹೀಗೆ ಕನಿಷ್ಠ ಇಪ್ಪತ್ತು ಹವಳ.

ಫೋಟೊ ತೆಗೆದರೆ ಸಾಲದೇ ಅಂತ ನಾನೂ ಕೇಳಿದ್ದೆ. ಸಾಲದು. ಕೆಳಗಿಳಿದ ಹಾಗೆ ಕೆಂಪು ಬಣ್ಣವೇ ಮೊದಲು ಮಾಯವಾಗುತ್ತದೆ, ಫೋಟೊದಲ್ಲಿ ಎಲ್ಲವೂ ನೀಲಿ. ಚಾರ್ಟ್ ಪಕ್ಕದಲ್ಲೇ ಇದ್ದರೆ ಹವಳಕ್ಕೂ ಅದಕ್ಕೂ ಒಂದೇ ಬೆಳಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಇರುತ್ತದೆ. ಹವಳದ ಬಣ್ಣದ ಬಹುಪಾಲು, ಊಟದ ಬಹುಪಾಲು ಈ ಪಾಚಿಯದ್ದೇ. ನೀರು ಬಿಸಿಯಾದರೆ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ನಾವು ಬರೆಯುವ ನಂಬರು ಅದರ ಆರೋಗ್ಯದ ಅಂದಾಜು.

ಒಂದು ಕೊರತೆ ಇದೆ. ನಾನು 3 ಅಂದದ್ದನ್ನು ಗೆಳತಿ 4 ಅಂದಳು. ಇಬ್ಬರೂ ಒಂದೇ ಹವಳದ ಮುಂದೆ ನಿಂತಿದ್ದೆವು. ಹಾಗಾಗಿ ಒಂದೆರಡು ಹವಳದ ಲೆಕ್ಕ ನಂಬಿ ಕೂರಬಾರದು. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು.

ರೀಫ್ ಚೆಕ್ ಬೇರೆಯದೇ ಮಟ್ಟ. 1996ರಲ್ಲಿ ಹುಟ್ಟಿ, ಮರುವರ್ಷ ಜಗತ್ತಿನ ಹಲವು ಕಡೆ ಮೊದಲ ಸರ್ವೆ ಮಾಡಿದ ಸಂಸ್ಥೆ. ನಾನು ಕಲಿತದ್ದು ಮಲೇಷ್ಯಾದ ಟಿಯೋಮನ್ ದ್ವೀಪದಲ್ಲಿ, ಮರ್ಸಿಂಗ್ ಊರಿನ ಜೆಟ್ಟಿಯಿಂದ ದೋಣಿ ಹತ್ತಿ ಹೋಗಿ. ವಿಮಾನ, ಬಸ್ಸು, ದೋಣಿ, ತರಬೇತಿ ಎಲ್ಲ ಸೇರಿ ಖರ್ಚು ಮೂರರಲ್ಲೇ ಜಾಸ್ತಿ.

ಹವಳದ ಮೇಲೆ ನೂರು ಮೀಟರ್ ಟೇಪು ಹಾಸುತ್ತಾರೆ. ಅದರಲ್ಲಿ ಇಪ್ಪತ್ತು ಮೀಟರಿನ ನಾಲ್ಕು ತುಂಡು, ನಡುವೆ ಐದೈದು ಮೀಟರ್ ಬಿಡುವು. ಟೇಪು ಹಾಸುವಾಗ ಬೆದರಿದ ಮೀನುಗಳು ವಾಪಸ್ ಬರಲಿ ಅಂತ ಹದಿನೈದು ನಿಮಿಷ ಕಾಯಬೇಕು. ಮೊದಲು ಮೀನು ಎಣಿಸುವವರು, ಹಿಂದೆಯೇ ಸೀ ಅರ್ಚಿನ್, ಲಾಬ್‌ಸ್ಟರ್, ದೈತ್ಯ ಕಪ್ಪೆಚಿಪ್ಪು ಎಣಿಸುವವರು, ಕೊನೆಗೆ ಅರ್ಧರ್ಧ ಮೀಟರಿಗೆ ನಿಂತು ಟೇಪಿನ ಕೆಳಗೆ ಇರುವುದೇನು ಅಂತ ಬರೆಯುವವರು. ಗಟ್ಟಿ ಹವಳವೋ, ಮರಳೋ, ಪುಡಿಯಾದ ತುಂಡೋ. ಒಟ್ಟು 160 ಗುರುತು.

ನನಗೆ ಸಿಕ್ಕಿದ್ದು ಮೀನು. ಮುರು ಮೀನಿಗೆ, ಅಂದರೆ ಗ್ರೂಪರ್‌ಗೆ, 30 ಸೆಂಟಿಮೀಟರ್ ದಾಟಿದ್ದರೆ ಮಾತ್ರ ಲೆಕ್ಕ. ಸ್ಲೇಟಿನ ಅಂಚಿಗೆ ಗೆರೆ ಎಳೆದುಕೊಂಡಿದ್ದೆ. ಚಿಟ್ಟೆ ಮೀನುಗಳ ಸಾಲಿನಲ್ಲಿ ಗೀಟುಗಳು ತುಂಬುತ್ತಾ ಹೋದವು. ಉಳಿದ ಸಾಲುಗಳಲ್ಲಿ ಬರೀ 0. ಹಂಪ್‌ಹೆಡ್ ರಾಸ್ 0. ಬಂಪ್‌ಹೆಡ್ ಪ್ಯಾರಟ್‌ಫಿಶ್ 0. ಮುರು, ಮೂರನೇ ತುಂಡಿನವರೆಗೂ 0. ಕೈ ಸೋತಿತು, ಸುಮ್ನೆ ಖಾಲಿ ಬಿಟ್ಟರಾಯಿತು ಅನ್ನಿಸಿತು. ಮೇಲೆ ಬಂದಾಗ ಕಲಿಸುವವರು ಸ್ಲೇಟು ನೋಡಿ, ಖಾಲಿ ಬಿಟ್ಟರೆ ನೀವು ಹುಡುಕಿದಿರೋ ಇಲ್ಲವೋ ಗೊತ್ತಾಗಲ್ಲ, ಸೊನ್ನೆ ಬರೆದರೆ ಹುಡುಕಿದರೂ ಇರಲಿಲ್ಲ ಅಂತ ಗೊತ್ತಾಗುತ್ತದೆ ಅಂದರು. ಜಾಸ್ತಿ ಹಿಡಿದು ಖಾಲಿಯಾಗಬಹುದಾದ ಮೀನುಗಳನ್ನೇ ಆ ಪಟ್ಟಿಗೆ ಆರಿಸಿದ್ದಾರೆ. ಅವು ಇಲ್ಲ ಅನ್ನುವುದೂ ಸುದ್ದಿಯೇ. ನಾಲ್ಕನೇ ತುಂಡಿನಲ್ಲಿ ಬಂಡೆಯ ಅಡಿಯಿಂದ ಒಂದು ಮುರು ಮೂತಿ ಹೊರಗಿಟ್ಟಿತು. ಸ್ಲೇಟಿನ ಗೆರೆಗಿಂತ ಉದ್ದವಿತ್ತು. ಅಲ್ಲಿ 1 ಅಂತ ಬರೆದದ್ದು ನನಗೆ ಇವತ್ತಿಗೂ ನೆನಪಿದೆ.

ಇದಕ್ಕೆ ಹೋಗುವ ಮೊದಲು ಬಾಯನ್ಸಿ, ಅಂದರೆ ನೀರಿನಲ್ಲಿ ಮುಳುಗದೆ ಮೇಲೇಳದೆ ಒಂದೇ ಮಟ್ಟದಲ್ಲಿ ನಿಲ್ಲುವ ಹಿಡಿತ, ಗಟ್ಟಿಯಿರಲಿ. ತಲೆ ಬಗ್ಗಿಸಿ ಬರೆಯುವಾಗ ಕಾಲಿನ ಫಿನ್ ಹವಳಕ್ಕೆ ಬಡಿದರೆ ಹೋದ ಉದ್ದೇಶವೇ ಹಾಳು. ಐದೋ ಹತ್ತೋ ಡೈವ್ ಆದವರಿಗೆ ಇದು ಬೇಡ ಅಂತಲೇ ಹೇಳುತ್ತೇನೆ.

ಮೂರನೆಯದು ಡೈವ್ ಅಗೇನ್ಸ್ಟ್ ಡೆಬ್ರಿ, ಅಂದರೆ ಕಸ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಅವೇರ್ ಬಳಗ 2011ರಿಂದ ನಡೆಸುತ್ತಿದೆ. ನೀರಿನಡಿಯ ಕಸ ತಂದು, ಪ್ಲಾಸ್ಟಿಕ್, ಗಾಜು, ಲೋಹ, ಬಟ್ಟೆ ಅಂತ ಬೇರ್ಪಡಿಸಿ, ಎಣಿಸಿ, ತೂಗಿ ಕಳಿಸಬೇಕು. ನಾನು ಮಾಡಿದ್ದು ಮುರ್ಡೇಶ್ವರದಿಂದ ಹೋಗುವ ನಮ್ಮ ನೇತ್ರಾಣಿ ದ್ವೀಪದಲ್ಲಿ. ಮೇಲೆ ಬಂದ ತಕ್ಷಣ ಫಲ ಕಣ್ಣೆದುರಿಗೇ ಇರುತ್ತದೆ, ಈ ಸಮಾಧಾನ ಉಳಿದೆರಡರಲ್ಲಿ ಇಲ್ಲ.

ಆದರೆ ಅವಸರ ಮಾಡುವ ಹಾಗಿಲ್ಲ. ಕವಲು ಹವಳಕ್ಕೆ ಸುತ್ತಿದ್ದ ಒಂದು ಬಲೆಯ ತುಂಡನ್ನು ಎಳೆಯಲು ಕೈ ಹಾಕಿದ್ದೆ. ಜೊತೆಗಿದ್ದವರು ನನ್ನ ಮಣಿಕಟ್ಟು ಹಿಡಿದರು. ಬಲೆಯ ಒಂದೊಂದೇ ಕಣ್ಣು ಕತ್ತರಿಸುತ್ತಾ ಹೋದೆವು, ಒಳಗಿಂದ ಉಗುರಿನಷ್ಟು ಏಡಿ ಹೊರಬಂತು. ಹವಳ ಬೆಳೆದು ಒಳಗೆಳೆದುಕೊಂಡ ಭಾಗವನ್ನು ಹಾಗೇ ಬಿಟ್ಟು ಬಂದೆವು. ನಮ್ಮ ದೇಶದಲ್ಲಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಅನುಸೂಚಿ 1ರಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ.

ಇನ್ನೊಂದು ಅನುಭವವನ್ನೂ ಹೇಳಬೇಕು. ಹೊರದೇಶದ ಒಂದು ಕಡೆ ಸಮುದ್ರ ಉಳಿಸುವ ಪ್ರವಾಸ ಅಂತ ದುಡ್ಡು ಕಟ್ಟಿ ಹೋಗಿದ್ದೆ. ಐದು ದಿನ ಎಣಿಸಿದೆವು. ಕೊನೆಗೆ ಹಾಳೆಗಳು ಎಲ್ಲಿಗೆ ಹೋಗುತ್ತವೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ತುಂಬಾ ನೋವಾಯಿತು. ದುಡ್ಡು ಕಟ್ಟುವ ಮೊದಲು ಕೇಳಿ: ಲೆಕ್ಕ ಯಾರಿಗೆ ಹೋಗುತ್ತದೆ, ಕಳೆದ ವರ್ಷ ಇದೇ ಜಾಗ ಎಣಿಸಿದ್ದೀರಾ, ತಪ್ಪು ಯಾರು ತಿದ್ದುತ್ತಾರೆ?

ನನ್ನ ಆಯ್ಕೆ ಕೇಳಿದರೆ, ಕಲಿಯುವುದಕ್ಕೆ ರೀಫ್ ಚೆಕ್. ಟಿಯೋಮನ್‌ಗೆ ಹೋಗಿಬಂದ ಮೇಲೆ ನನ್ನ ಕಣ್ಣೇ ಬದಲಾಯಿತು. ಆದರೆ ಅಲ್ಲಿಗೆ ವರ್ಷವರ್ಷ ಹೋಗುವುದು ನನ್ನಿಂದ ಆಗುವುದಿಲ್ಲ. ನೇತ್ರಾಣಿಗೆ ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು ಸಾಕು. ಹಾಗಾಗಿ ಚಾರ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ, ಜೊತೆಗೆ ಸೊಂಟಕ್ಕೊಂದು ಬಲೆಚೀಲ. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ದೋಣಿಗಳು ಹೊರಟ ಕೂಡಲೇ ಹೋಗಬೇಕು. ಕಳೆದ ಸಲ ಡಿ2 ಅಂತ ಬರೆದುಕೊಂಡ ಹವಳ ಒಂದಿದೆ, ಮೊದಲು ಅದನ್ನು ನೋಡಬೇಕು.